ಕಾರಿನಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವವರು ಇದ್ದೀರಾ? ಟೆಕ್ಸಸ್‌ನವರು ಹೇಳಿ

ತಿಪಟೂರು_ಟು_ಪ್ಲೇನೋ:

ಎಲ್ಲರಿಗೂ ನಮಸ್ಕಾರ. ಡಾಲಸ್ ಪಕ್ಕದ ಪ್ಲೇನೋದಲ್ಲಿದ್ದೇನೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ವಾರಕ್ಕೆ ಮೂರು ದಿನ ಡೇಟಾ ಸೆಂಟರ್‌ನಲ್ಲಿ ಲೇಟ್ ಶಿಫ್ಟ್. ರಾತ್ರಿ ಎರಡಕ್ಕೆ ಮುಗಿಯುತ್ತದೆ. ಹೈವೇ 75ರಲ್ಲಿ ಒಬ್ಬನೇ ಮನೆಗೆ ಬರುತ್ತೇನೆ.

ಹೋದ ತಿಂಗಳು ಪಿಕಪ್ ಟ್ರಕ್ಕಿನವನೊಬ್ಬ ಹಿಂದೆ ಬಿದ್ದ. ಲೇನ್ ಬದಲಿಸುವಾಗ ನಾನು ಅಡ್ಡ ಹೋಗಿದ್ದೆನೋ ಏನೋ, ತಪ್ಪು ನನ್ನದೂ ಇರಬಹುದು. ಐದಾರು ಮೈಲಿ ಹೈ ಬೀಮ್ ಹಾಕಿಕೊಂಡು ಬಂಪರ್‌ಗೆ ಅಂಟಿಕೊಂಡೇ ಬಂದ. ಹೈವೇ ಇಳಿದ ಮೇಲೆ ಮೊದಲ ಸಿಗ್ನಲ್‌ನಲ್ಲಿ ಕೆಂಪು. ಅವನು ಇಳಿದು ಬಂದು ನನ್ನ ಕಿಟಕಿ ಬಡಿದ, ಬಾಯಿಗೆ ಬಂದಂತೆ ಬೈದ. ಹಸಿರಾಯಿತು, ನಾನು ಹೊರಟುಬಿಟ್ಟೆ. ನಡೆದದ್ದು ಇಷ್ಟೇ. ಆದರೆ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದ ಮೇಲೆ ಸೀಟ್ ಬೆಲ್ಟ್ ಬಿಚ್ಚಲು ಕೈ ಬರಲಿಲ್ಲ, ಅಷ್ಟು ನಡುಕ.

ಆಫೀಸಿನವರು ನಗುತ್ತಾರೆ. "ಇಲ್ಲಿ ಲೈಸೆನ್ಸೇ ಬೇಡ. ಒಂದು ತಗೊಂಡು ಗ್ಲವ್ ಬಾಕ್ಸ್‌ನಲ್ಲಿ ಬಿಸಾಕಿರು" ಅನ್ನುತ್ತಾರೆ. ನನಗೆ ನಂಬಲು ಆಗುತ್ತಿಲ್ಲ. ನಮ್ಮ ದೊಡ್ಡಪ್ಪನ ಹತ್ತಿರ ತೋಟಕ್ಕೆ ಹಂದಿ ಬರುತ್ತದೆ ಅಂತ ಒಂಟಿ ನಳಿಗೆಯ ಬಂದೂಕು ಇತ್ತು. ಅದರ ಲೈಸೆನ್ಸ್ ರಿನೀವಲ್‌ಗೆ ತುಮಕೂರಿಗೆ ಅಲೆದಿದ್ದೇ ಅಲೆದಿದ್ದು. ಎಲೆಕ್ಷನ್ ಬಂದರೆ ಸ್ಟೇಷನ್‌ಗೆ ಒಯ್ದು ಕೊಟ್ಟು ಬರಬೇಕು. ಇಲ್ಲಿ ನಿಜವಾಗಲೂ ಏನೂ ಬೇಡವಾ?

ಪೊಲೀಸ್ ನಿಲ್ಲಿಸಿದರೆ ಏನು ಹೇಳಬೇಕು? ಆ ಥರ ಇನ್ನೊಬ್ಬ ಕಿಟಕಿ ಬಡಿದರೆ ತೆಗೆದು ತೋರಿಸಬಹುದಾ? ಮಗಳು ಒಂದನೇ ಕ್ಲಾಸು, ಬೆಳಿಗ್ಗೆ ನಾನೇ ಸ್ಕೂಲಿಗೆ ಬಿಡುತ್ತೇನೆ. ಮಾರ್ಚ್‌ನಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. ಅವರನ್ನು ಕರೆದುಕೊಂಡು ಕಾರಿನಲ್ಲೇ ಕೊಲೊರಾಡೋಗೆ ಹೋಗುವ ಪ್ಲಾನ್ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹ್ಯೂಸ್ಟನ್_ಹಳಬ:

ನಿಮ್ಮ ಆಫೀಸಿನವರು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ನಾನು ಹೇಳುತ್ತೇನೆ. ನಾನು ವಕೀಲನಲ್ಲ. 1999ರಿಂದ ಟೆಕ್ಸಸ್‌ನಲ್ಲಿದ್ದೇನೆ, ಹದಿನಾಲ್ಕು ವರ್ಷ ಗ್ಯಾಸ್ ಸ್ಟೇಷನ್ ನಡೆಸಿದೆ, ಅಷ್ಟೂ ದಿನ ಸೊಂಟದಲ್ಲಿ ಪಿಸ್ತೂಲು ಇತ್ತು.

ನಮ್ಮ ಸ್ವಂತ ಕಾರಿನಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಇಲ್ಲಿ 2007ರಿಂದಲೇ ಲೈಸೆನ್ಸ್ ಬೇಡ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದವರು ಹೊರಗೆ ಓಡಾಡುವಾಗಲೂ ಇಟ್ಟುಕೊಳ್ಳಬಹುದು, ಬಂದೂಕು ಇಟ್ಟುಕೊಳ್ಳಬಾರದು ಅಂತ ಕಾನೂನು ತಡೆದಿರುವವರನ್ನು ಬಿಟ್ಟು. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಲು ತೊಂದರೆ ಇಲ್ಲ. ಕಾರಿನಲ್ಲಿ ಅದು ಹೊರಗಿನವರ ಕಣ್ಣಿಗೆ ಬೀಳಬಾರದು. ಕಾಣುವಂತಿದ್ದರೆ ಹೋಲ್‌ಸ್ಟರ್‌ನಲ್ಲಿರಬೇಕು. ಸೀಟಿನ ಮೇಲೆ ಸುಮ್ನೆ ಬಿದ್ದಿದ್ದರೆ ಅದೇ ಒಂದು ಕೇಸು.

ಗ್ಲವ್ ಬಾಕ್ಸ್ ಮಾತ್ರ ಬೇಡವೇ ಬೇಡ. ಇನ್ಶುರೆನ್ಸ್ ಪೇಪರ್ ಎಲ್ಲಿಡುತ್ತೀರಿ? ಅಲ್ಲೇ ಅಲ್ವಾ? ರಾತ್ರಿ ಎರಡಕ್ಕೆ ಪೊಲೀಸಿನವನು ಟಾರ್ಚ್ ಬಿಡುತ್ತಾನೆ, ಪೇಪರ್ ಕೇಳುತ್ತಾನೆ, ನೀವು ಬಾಗಿಲು ತೆಗೆಯುತ್ತೀರಿ, ಮೊದಲು ಕಾಣುವುದು ಪಿಸ್ತೂಲು. ನಿಲ್ಲಿಸಿದರೆ ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಡಿ. ಲೈಸೆನ್ಸ್ ಇಲ್ಲದವರು ತಾವಾಗಿಯೇ ಹೇಳಬೇಕೆಂಬ ನಿಯಮ ಇಲ್ಲಿಲ್ಲ. ಎಲ್‌ಟಿಸಿ, ಅಂದರೆ ಟೆಕ್ಸಸ್ ಕೊಡುವ ಪಿಸ್ತೂಲು ಲೈಸೆನ್ಸ್, ಮಾಡಿಸಿ ಪಿಸ್ತೂಲು ಜೊತೆಗಿಟ್ಟುಕೊಂಡಿದ್ದರೆ, ಐಡಿ ಕೇಳಿದಾಗ ಅದನ್ನೂ ಕೊಡಬೇಕು. ನಾನಂತೂ ಯಾವಾಗಲೂ ಹೇಳಿಬಿಡುತ್ತೇನೆ, "ಸರ್, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿದೆ, ಏನು ಮಾಡಲಿ?" ಅಂತ. ಒಮ್ಮೆ ಒಬ್ಬ, "ನೀನು ನಿನ್ನದನ್ನು ಮುಟ್ಟಬೇಡ, ನಾನು ನನ್ನದನ್ನು ಮುಟ್ಟಲ್ಲ" ಅಂದು ಎಚ್ಚರಿಕೆ ಚೀಟಿ ಕೊಟ್ಟು ಕಳಿಸಿದ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ. ಟೆಕ್ಸಸ್ ಪೀನಲ್ ಕೋಡ್‌ನ 9ನೇ ಅಧ್ಯಾಯ ಓದಿ, ಜಾಸ್ತಿ ದೊಡ್ಡದಿಲ್ಲ. ನೀವು ಕೂತಿರುವ ಕಾರಿನೊಳಗೆ ಒಬ್ಬ ಬಲವಂತವಾಗಿ ನುಗ್ಗಿದರೆ, ನುಗ್ಗಲು ನೋಡಿದರೆ, ನಿಮ್ಮನ್ನು ಹೊರಗೆಳೆಯಲು ಬಂದರೆ, ನಿಮ್ಮ ಹೆದರಿಕೆ ನ್ಯಾಯವಾದದ್ದು ಅಂತಲೇ ಕಾನೂನು ಹಿಡಿಯುತ್ತದೆ. ಇರಲು ಹಕ್ಕಿರುವ ಜಾಗದಲ್ಲಿದ್ದರೆ ಹಿಂದೆ ಸರಿಯಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ಕೆಣಕಿದವರು ನೀವಾಗಿರಬಾರದು. ಬರೀ ಬೈಗುಳಕ್ಕೆ ಕೈ ಎತ್ತುವ ಹಾಗಿಲ್ಲ ಅಂತಲೂ ಅದೇ ಅಧ್ಯಾಯದಲ್ಲಿದೆ.

ಈಗ ನಿಮ್ಮ ಸಿಗ್ನಲ್‌ಗೆ ಬನ್ನಿ. ಅವನು ಕಿಟಕಿ ಬಡಿದ, ಬೈದ. ಗಾಜು ಒಡೆಯಲಿಲ್ಲ, ಬಾಗಿಲಿಗೆ ಕೈ ಹಾಕಲಿಲ್ಲ. ಅಡ್ಡ ಹೋಗಿದ್ದು ನೀವು ಅಂತ ನೀವೇ ಬರೆದಿದ್ದೀರಿ. ಆ ಹೊತ್ತಿಗೆ ಪಿಸ್ತೂಲು ತೆಗೆದಿದ್ದರೆ ಅವನು ಫೋನ್ ಮಾಡಿ "ಒಬ್ಬ ನನಗೆ ಗನ್ ಗುರಿ ಇಟ್ಟ" ಅನ್ನುತ್ತಿದ್ದ, ಕೈಕೋಳ ನಿಮಗೆ ಬೀಳುತ್ತಿತ್ತು. ತೋರಿಸಿ ಹೆದರಿಸುವುದು ಸಣ್ಣ ವಿಷಯ ಅಂತ ನಮ್ಮವರು ತಿಳಿದಿದ್ದಾರೆ. ಬಲ ಬಳಸುವ ಹಕ್ಕೇ ಹುಟ್ಟದ ಕಡೆ ತೋರಿಸಿದರೂ ಅಪರಾಧ. ಆಮೇಲೆ ಸಿಟಿಜನ್ ಆದವನು ವಕೀಲರಿಗೆ ದುಡ್ಡು ಸುರಿದು, ಶಿಕ್ಷೆ ಅನುಭವಿಸಿ ಇಲ್ಲೇ ಉಳಿಯುತ್ತಾನೆ. ನೀವು ಗ್ರೀನ್ ಕಾರ್ಡಿನವರು. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಅದು ಗಡೀಪಾರಿಗೇ ಒಂದು ಕಾರಣ, ಇಮಿಗ್ರೇಷನ್ ಕಾನೂನಿನಲ್ಲೇ ಬರೆದಿದೆ. ಇದನ್ನು ನಿಮ್ಮ ಆಫೀಸಿನವರು ಹೇಳಲ್ಲ, ಅವರಿಗೆ ಅದರ ಅಗತ್ಯವೇ ಬಿದ್ದಿಲ್ಲ.

ನಿಜವಾದ ತಲೆನೋವು ಇದ್ಯಾವುದೂ ಅಲ್ಲ. ನೀವು ಕಾರಿನಲ್ಲಿ ಇಲ್ಲದ ಹೊತ್ತು. 2016ರಲ್ಲಿ ನಾನು ಊಟಕ್ಕೆ ಅಂತ ಒಂದು ಹೋಟೆಲ್ ಮುಂದೆ ಟ್ರಕ್ ನಿಲ್ಲಿಸಿದೆ. ಒಳಗೆ ಪಿಸ್ತೂಲು ತರಬಾರದು ಅಂತ ಬೋರ್ಡ್ ಇತ್ತು. ಮುಂದಿನ ಸೀಟುಗಳ ನಡುವಿನ ಕನ್ಸೋಲ್‌ನಲ್ಲಿಟ್ಟು ಹೋದೆ. ನಲವತ್ತು ನಿಮಿಷ. ವಾಪಸ್ ಬಂದಾಗ ಗಾಜು ಪುಡಿ, ಲ್ಯಾಪ್‌ಟಾಪ್ ಅಲ್ಲೇ ಇದೆ, ಪಿಸ್ತೂಲು ಮಾತ್ರ ಇಲ್ಲ. ಪೊಲೀಸರು ಮೊದಲು ಕೇಳಿದ್ದು ಸೀರಿಯಲ್ ನಂಬರ್. ನನಗೆ ಗೊತ್ತಿರಲಿಲ್ಲ. ಅಟ್ಟದಲ್ಲಿದ್ದ ಹಳೇ ಡಬ್ಬ ಹುಡುಕಿ ನಂಬರ್ ಕೊಡುವಷ್ಟರಲ್ಲಿ ಸಂಜೆಯಾಯಿತು. ಎಂಟು ತಿಂಗಳ ಮೇಲೆ ಡಿಟೆಕ್ಟಿವ್ ಒಬ್ಬರ ಫೋನ್ ಬಂತು. ಹದಿನೇಳರ ಹುಡುಗನೊಬ್ಬನ ಬ್ಯಾಗಿನಲ್ಲಿ ಸಿಕ್ಕಿದೆ ಅಂದರು. ಅದರಿಂದ ಏನೂ ಆಗಿಲ್ಲ ಅಂತಲೂ ಅಂದರು. ನಾನು ಜಾಸ್ತಿ ಕೇಳಲು ಹೋಗಲಿಲ್ಲ. ಧೈರ್ಯ ಬರಲಿಲ್ಲ.

ಆಮೇಲೆ ಸೀಟಿನ ಕಂಬಿಗೆ ಉಕ್ಕಿನ ಕೇಬಲ್ ಸುತ್ತಿ ಬೀಗ ಹಾಕುವ ಪೆಟ್ಟಿಗೆ ತಂದೆ. ರಾತ್ರಿ ಪಿಸ್ತೂಲು ನನ್ನ ಜೊತೆಗೇ ಮನೆಯೊಳಗೆ ಬರುತ್ತದೆ. ಈ ಕೆಲಸ ದಿನಾ ಮಾಡಲು ಆಗುತ್ತಾ, ಅದನ್ನು ಮೊದಲು ಯೋಚಿಸಿ.

ಆಸ್ಟಿನ್_ಅಕ್ಕ:

ಹಳಬರು ಎಲ್ಲ ಹೇಳಿದ್ದಾರೆ, ಎರಡು ಮಾತ್ರ ಬಿಟ್ಟರು.

ಒಂದು, ಅಪ್ಪ ಅಮ್ಮ. ಅವರು ವಿಸಿಟರ್ ವೀಸಾದಲ್ಲಿ ಬರುತ್ತಾರೆ ಅಲ್ವಾ? ಆ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷೇಧ, ತೀರಾ ಕಡಿಮೆ ವಿನಾಯಿತಿ. 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ. ಕೈಯಲ್ಲಿ ಹಿಡಿದಿರಬೇಕು ಅಂತೇನಿಲ್ಲ. ಇದೆ ಅಂತ ಗೊತ್ತಿದ್ದು, ಅದು ಅವರ ವಶದಲ್ಲಿ ಉಳಿದರೂ ಇಟ್ಟುಕೊಂಡ ಹಾಗೇ. ನೀವು ಹಾಲು ತರಲು ಅಂಗಡಿಗೆ ಹೋಗುತ್ತೀರಿ. ಎಸಿ ಇರಲಿ ಅಂತ ಕೀ ಅಪ್ಪನ ಹತ್ತಿರ ಕೊಟ್ಟು ಹೋಗುತ್ತೀರಿ. ಪಿಸ್ತೂಲು ಕನ್ಸೋಲ್‌ನಲ್ಲಿದೆ, ಅವರಿಗೂ ಗೊತ್ತು. ಪಾಪ, ಅವರನ್ನು ಯಾಕೆ ಆ ಜಾಗದಲ್ಲಿ ಕೂರಿಸಬೇಕು? ನಮ್ಮ ಮನೆಯಲ್ಲಿ ಏನಾಯಿತು ಗೊತ್ತಾ? ಯಜಮಾನರ ಕಪ್ಪು ಪೌಚ್ ಕಾರಿನಲ್ಲಿತ್ತು. ಅತ್ತೆ ಅದನ್ನು ಬಿಪಿ ಮಿಷನ್ ಅಂದುಕೊಂಡು ಜಿಪ್ ಎಳೆದರು. ಪುಣ್ಯಕ್ಕೆ ಗುಂಡು ತುಂಬಿರಲಿಲ್ಲ. ಆವತ್ತು ಅವರಿಗೆ ನಿಜವಾಗಲೂ ಬಿಪಿ ನೋಡಬೇಕಾಯಿತು.

ಎರಡು, ಸ್ಕೂಲು. ಟೆಕ್ಸಸ್ ಕಾನೂನು ಏನೇ ಇರಲಿ, ಸ್ಕೂಲಿನ ಸುತ್ತ 1000 ಅಡಿ ಒಳಗೆ ಗುಂಡು ತುಂಬಿದ ಪಿಸ್ತೂಲು ಕಾರಿನಲ್ಲಿರಬಾರದು ಅಂತ ಫೆಡರಲ್ ಕಾನೂನು ಇದೆ. ಟೆಕ್ಸಸ್‌ನ ಎಲ್‌ಟಿಸಿ ಇದ್ದರೆ ವಿನಾಯಿತಿ. ಇಲ್ಲದಿದ್ದರೆ ಗುಂಡು ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. "ಲೈಸೆನ್ಸ್ ಬೇಡ" ಅನ್ನುವವರಿಗೆ ಮಕ್ಕಳನ್ನು ಬಿಡುವ ಕ್ಯೂನಲ್ಲಿ ನಿಂತಾಗ ಇದು ನೆನಪಿಗೇ ಬರಲ್ಲ. ಎಲ್‌ಟಿಸಿ ದೊಡ್ಡ ಕಷ್ಟವೇನಲ್ಲ. ನಾಲ್ಕರಿಂದ ಆರು ಗಂಟೆ ಕ್ಲಾಸು, ಒಂದು ಪರೀಕ್ಷೆ, 3, 7 ಮತ್ತು 15 ಗಜದಿಂದ ಒಟ್ಟು 50 ಗುಂಡು, ಅರ್ಜಿಗೆ 40 ಡಾಲರ್. ನಾನೂ ಮಾಡಿಸಿದ್ದೇನೆ. ಯಜಮಾನರಿಗಿಂತ ಹನ್ನೊಂದು ಪಾಯಿಂಟ್ ಜಾಸ್ತಿ, ಇಲ್ಲಿ ಬರೆದಿಟ್ಟಿರುತ್ತೇನೆ.

ಮಡಿಕೇರಿ_ಮಳೆ:

ನನ್ನ ಕಥೆ ಕೇಳಿದರೆ ನಗುತ್ತೀರಿ. ನಾನು ಕೊಡವ. ನಮಗೆ ಊರಿನಲ್ಲಿ ಕೋವಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ, ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವನು ನಾನು.

ಬಂದೂಕಿನ ರಾಜ್ಯ ಅಂತ ಹೆಸರಾದ ಟೆಕ್ಸಸ್‌ಗೆ ಬಂದೆ. ಎಚ್-1ಬಿ. ಅಂಗಡಿಯವನು ಫಾರ್ಮ್ ನೋಡಿದವನೇ ಆಗಲ್ಲ ಅಂದ. ನಾವೂ ನಾನ್-ಇಮಿಗ್ರೆಂಟ್, ಅಂದರೆ ತಾತ್ಕಾಲಿಕ ವೀಸಾದವರು, ನಿಮ್ಮ ಅಪ್ಪ ಅಮ್ಮನ ಸಾಲಿನಲ್ಲೇ ನಿಂತವರು. ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಹಂಟರ್ ಎಜುಕೇಷನ್ ಮುಗಿಸಿ 25 ಡಾಲರ್ ಕೊಟ್ಟು ಅದನ್ನು ತಗೊಂಡೆ. ಆ ಲೈಸೆನ್ಸ್ ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಮನೆಯಲ್ಲಿರುವ ಬಂದೂಕಿಗೆ ನಾನು ಫೆಡರಲ್ ಅಪರಾಧಿ. ಫೋನ್‌ನಲ್ಲಿ ಮೂರು ಅಲಾರಾಂ ಇಟ್ಟಿದ್ದೇನೆ.

ಇನ್ನೂ ತಮಾಷೆ ಅಂದರೆ, ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಕಾಡುಹಂದಿ ಹೊಡೆಯಲು ಟೆಕ್ಸಸ್‌ನಲ್ಲಿ 2019ರಿಂದ ಲೈಸೆನ್ಸೇ ಬೇಡ. ನಾನು ಹೊಡೆಯುವುದೂ ಹಂದಿಯನ್ನೇ. ಹಂದಿಗೆ ಬೇಡದ ಲೈಸೆನ್ಸ್ ನನಗೆ ಬೇಕು. ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ, ಊರಿನಿಂದ ಬರುತ್ತದೆ, ಆ ವಿಷಯ ಬೇರೆ.

ಹ್ಯೂಸ್ಟನ್_ಹಳಬ:

ಕೊಲೊರಾಡೋ ಬಿಟ್ಟಿದ್ದೆ. ಅಮರಿಲ್ಲೋ ದಾಟಿ ನ್ಯೂ ಮೆಕ್ಸಿಕೋ ಮೂಲೆ ಹಾದು ಹೋಗುತ್ತೀರಿ. ಒಂದೇ ದಿನದಲ್ಲಿ ಮೂರು ರಾಜ್ಯ, ಮೂರು ಕಾನೂನು. ಕೊಲೊರಾಡೋದಲ್ಲಿ 2013ರಿಂದ 15 ಗುಂಡಿಗಿಂತ ಜಾಸ್ತಿ ಹಿಡಿಸುವ ಮ್ಯಾಗಜಿನ್ (ಪಿಸ್ತೂಲಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ನಿಷೇಧ. ಗ್ಲಾಕ್ 17 ಪಿಸ್ತೂಲು ಕೊಂಡರೆ ಡಬ್ಬದಲ್ಲೇ 17ರದ್ದು ಬರುತ್ತದೆ. ಟೆಕ್ಸಸ್‌ನಲ್ಲಿ ಅದನ್ನು ಯಾರೂ ತಿರುಗಿಯೂ ನೋಡಲ್ಲ, ಕೊಲೊರಾಡೋ ಗಡಿಯ ರಟೋನ್ ಘಾಟಿ ಇಳಿದ ಮೇಲೆ ಕಥೆ ಬೇರೆ. 2025ರಿಂದ ಅಲ್ಲಿ ಕಾರು ಬಿಟ್ಟು ಹೋಗುವಾಗ ಪಿಸ್ತೂಲು ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕಣ್ಣಿಗೆ ಕಾಣದಂತೆ ಇರಬೇಕು, ಕಾರಿಗೂ ಬೀಗ. ನ್ಯಾಷನಲ್ ಪಾರ್ಕ್ ಒಳಗೆ ಆಯಾ ರಾಜ್ಯದ ಕಾನೂನು ನಡೆಯುತ್ತದೆ, ಆದರೆ ವಿಸಿಟರ್ ಸೆಂಟರ್ ಕಟ್ಟಡಕ್ಕೆ ಒಯ್ಯುವಂತಿಲ್ಲ. ಅಮ್ಮನಿಗೆ ಬಾತ್‌ರೂಮ್ ಬೇಕು ಅಂದಾಗಲೆಲ್ಲ ನೀವು ಪೆಟ್ಟಿಗೆ ಬೀಗ ಹಾಕುತ್ತಾ ಕೂರಬೇಕು.

ಎಲ್ಲ ರಾಜ್ಯದಲ್ಲೂ ನಡೆಯುವುದು ಒಂದೇ. ಗುಂಡು ತೆಗೆದು, ಪಿಸ್ತೂಲೂ ಗುಂಡೂ ಕೈಗೆ ಸಿಗದಂತೆ ಡಿಕ್ಕಿಯಲ್ಲಿ ಬೀಗ ಹಾಕಿಡುವುದು. ಹೊರಟ ಕಡೆಯೂ ತಲುಪುವ ಕಡೆಯೂ ಇಟ್ಟುಕೊಳ್ಳುವ ಹಕ್ಕಿದ್ದರೆ, ನಡುವೆ ಹಾದುಹೋಗಲು 1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ. ಡಿಕ್ಕಿ ಇಲ್ಲದ ಎಸ್‌ಯುವಿ ಆದರೆ ಬೀಗದ ಪೆಟ್ಟಿಗೆಯಲ್ಲಿಡಬೇಕು; ಗ್ಲವ್ ಬಾಕ್ಸ್ ಮತ್ತು ಕನ್ಸೋಲ್ ಲೆಕ್ಕಕ್ಕಿಲ್ಲ ಅಂತ ಅದರಲ್ಲೇ ಇದೆ. ಹಾಗಿಟ್ಟರೆ ಸಿಗ್ನಲ್‌ನಲ್ಲಿ ಕಿಟಕಿ ಬಡಿಯುವವನ ಎದುರು ಅದು ನಿಮ್ಮ ಉಪಯೋಗಕ್ಕೆ ಬರಲ್ಲ.

ತಿಪಟೂರು_ಟು_ಪ್ಲೇನೋ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಬಿಪಿ ಮಿಷನ್ ಕಥೆ ಹೆಂಡತಿಗೆ ಓದಿ ಹೇಳಿದೆ, ಮಾತು ಅಲ್ಲಿಗೇ ಮುಗಿಯಿತು. ಅಪ್ಪ ಅಮ್ಮ ವಾಪಸ್ ಹೋಗುವವರೆಗೆ ಪಿಸ್ತೂಲು ಮನೆಗೂ ಬರಲ್ಲ, ಕಾರಿಗೂ ಬರಲ್ಲ.

ಎಲ್‌ಟಿಸಿ ಕ್ಲಾಸ್‌ಗೆ ಮಾತ್ರ ಮುಂದಿನ ಶನಿವಾರ ಹೆಸರು ಕೊಟ್ಟಿದ್ದೇನೆ, ಅಲ್ಲೇ ಬಾಡಿಗೆಗೆ ಪಿಸ್ತೂಲು ಕೊಡುತ್ತಾರಂತೆ. ಕಾರಿಗೆ ಮುಂದೆ ಒಂದು, ಹಿಂದೆ ಒಂದು ಡ್ಯಾಶ್‌ಕ್ಯಾಮ್ ಹಾಕಿಸಿದೆ. ಶಿಫ್ಟ್ ಮುಗಿದ ಮೇಲೆ ಹೈವೇ ಬಿಟ್ಟು ಒಳರಸ್ತೆಯಲ್ಲಿ ಬರುತ್ತಿದ್ದೇನೆ, ಹನ್ನೆರಡು ನಿಮಿಷ ಜಾಸ್ತಿ.

ಹಳಬರೇ, ಆ ಕೇಬಲ್ ಪೆಟ್ಟಿಗೆ ಕ್ಯಾಮ್ರಿ ಸೀಟಿನ ಕೆಳಗೆ ಹಿಡಿಸುತ್ತದಾ? ಮಡಿಕೇರಿಯವರೇ, ಕಾಚಂಪುಳಿ ಒಂದು ಬಾಟಲಿ ಸಿಗುತ್ತಾ? ಹಂದಿ ತಿನ್ನಲ್ಲ, ಮೀನು ಸಾರಿಗೆ.