ವರ್ಟ್‌ನ ಗ್ರಾವಿಟಿ ಅಳತೆ: ಬ್ರೂವರ್ (ಬಿಯರ್ ತಯಾರಕಿ) ಜೊತೆ ಆನ್‌ಲೈನ್ ಪ್ರಶ್ನೋತ್ತರ

(ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಅದರಿಂದ ತೆಗೆದ ಸಿಹಿ ದ್ರವ ವರ್ಟ್, ಹುದುಗಿದರೆ ಬಿಯರ್. ಗ್ರಾವಿಟಿ ಎಂದರೆ ನೀರನ್ನು 1.000 ಎಂದಿಟ್ಟುಕೊಂಡ ಸಾಂದ್ರತೆ, ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು.)

ಹೊಸಬ: ಮೇಡಂ, ಒಲೆಯಿಂದ ಇಳಿಸಿದ ವರ್ಟ್‌ಗೆ ಹೈಡ್ರೋಮೀಟರ್ (ಗ್ರಾವಿಟಿ ತೋರಿಸುವ, ತೇಲುವ ಗಾಜಿನ ಕೊಳವೆ) ಬಿಟ್ಟೆ. 1.050 ಬರಬೇಕಿತ್ತು, ತೀರಾ ಕಡಿಮೆ ಬಂತು. ಮಾಲ್ಟ್ ಕೆಟ್ಟಿದೆಯೇ?

ಬ್ರೂವರ್: ಮಾಲ್ಟ್ ಚೆನ್ನಾಗಿಯೇ ಇರಬೇಕು, ನಿಮಗೆ ತಾಳ್ಮೆ ಇಲ್ಲ. ಬಿಸಿಗೆ ದ್ರವ ಹಿಗ್ಗುತ್ತದೆ, ಉಪಕರಣ ಹೆಚ್ಚು ಮುಳುಗಿ ಅಂಕಿ ಕಡಿಮೆ ತೋರಿಸುತ್ತದೆ. ಹೈಡ್ರೋಮೀಟರ್ ಯಾವ ಉಷ್ಣತೆಗೆ ಹೊಂದಿಸಿದ್ದೆಂದು ಅದರ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್. 30 ಡಿಗ್ರಿಯಲ್ಲಿ ಅಳೆದರೆ ಸುಮಾರು 0.003 ಸೇರಿಸಿ. ಕುದಿಯುವ ವರ್ಟ್‌ಗೆ ಯಾವ ತಿದ್ದುಪಡಿಯನ್ನೂ ನಂಬಬೇಡಿ.

ಮಾಲ್ಟ್ ಪ್ರೇಮಿ: ಪ್ಲೇಟೋದಲ್ಲಿ (ಸಕ್ಕರೆಯ ಶೇಕಡಾವಾರು ತೋರಿಸುವ ಇನ್ನೊಂದು ಮಾನ) ಅಳೆಯುವವರಿಗೆ ಈ ಗೊಂದಲವೇ ಇಲ್ಲ.

ಹಳೆಯ ಪೀಪಾಯಿ: 12 ಪ್ಲೇಟೋ ಎಂದರೂ 1.048 ಎಂದರೂ ಅದೇ ವರ್ಟ್. ಮಾನ ಬದಲಾಯಿಸಿದರೆ ವರ್ಟ್ ತಣ್ಣಗಾಗುತ್ತದೆಯೇ?

ಗಾಜಿನ ಬಾಟಲಿ: ಶುರುವಿನಲ್ಲಿ 1.052 ಇತ್ತು. ಆಮೇಲೆ ಒಂದು ದಿನ 1.028, ಮರುದಿನ 1.022. ಏರ್‌ಲಾಕ್‌ನಲ್ಲಿ (ಹುದುಗುವ ಪಾತ್ರೆಯಿಂದ ಅನಿಲ ಹೊರಬಿಡುವ ಕೊಳವೆ) ಗುಳ್ಳೆ ನಿಂತಿತ್ತು. ಗುಳ್ಳೆ ನಿಂತರೆ ಮುಗಿದಂತೆ ಎಂಬ ಸಂದೇಶ ನಂಬಿ, ಸಕ್ಕರೆ ಹಾಕಿ ಬಾಟಲಿಗೆ ತುಂಬಿದೆ. ನಾಲ್ಕು ದಿನವಾಯಿತು, ಮುಚ್ಚಳಗಳು ಉಬ್ಬಿವೆ.

ಬ್ರೂವರ್: ಆ ಬಾಟಲಿಗಳ ಹತ್ತಿರ ಯಾರನ್ನೂ ಬಿಡಬೇಡಿ. ಹುದುಗುವಿಕೆ ನಿಂತಿರಲೇ ಇಲ್ಲ, ಒಂದೇ ದಿನದಲ್ಲಿ ಆರು ಪಾಯಿಂಟ್ (ಒಂದು ಪಾಯಿಂಟ್ ಎಂದರೆ 0.001) ಇಳಿದಿದೆ! ಗುಳ್ಳೆ ಅಳತೆಯಲ್ಲ, ಮುಚ್ಚಳ ಸಡಿಲವಿದ್ದರೂ ಗುಳ್ಳೆ ಬರುವುದಿಲ್ಲ. ಇಂಥ ವರ್ಟ್ 1.012ರವರೆಗೆ ಇಳಿಯಬಹುದು, ಅಂದರೆ ಇನ್ನೂ ಹತ್ತು ಪಾಯಿಂಟ್. ಒಂದು ಪಾಯಿಂಟ್ ಸಕ್ಕರೆ ಹುದುಗಿದರೆ ಬಿಯರ್‌ನ ಅರ್ಧದಷ್ಟು ಗಾತ್ರದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹತ್ತಕ್ಕೆ ಐದರಷ್ಟಾಯಿತು, ನೀವು ಹಾಕಿದ ಸಕ್ಕರೆಯದು ಬೇರೆ. ಸಾಮಾನ್ಯ ಬಿಯರ್‌ಗೆ ಎರಡರಿಂದ ಮೂರರಷ್ಟು ಸಾಕು. ಗಾಜು ಸಿಡಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ದಪ್ಪ ಗವಸು ಹಾಕಿ, ಬಾಟಲಿಗಳಿಗೆ ದಪ್ಪ ಬಟ್ಟೆ ಹೊದಿಸಿ, ಅಲುಗಾಡಿಸದೆ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಒಂದೊಂದರ ಮುಚ್ಚಳವನ್ನು ಬಟ್ಟೆಯಡಿ ನಿಧಾನವಾಗಿ ಸಡಿಲಿಸಿ. ಮುಂದೆ, ಎರಡು ಮೂರು ದಿನ ಒಂದೇ ಅಂಕಿ ಬರುವವರೆಗೆ ಬಾಟಲಿ ಮುಟ್ಟಬೇಡಿ.

ನೊರೆ: ಮೊಟ್ಟೆ ತೇಲಿದರೆ ವರ್ಟ್ ಸಿದ್ಧ ಎಂದು ಬಂದಿದೆ, ಎಲ್ಲರಿಗೂ ಕಳುಹಿಸಿ.

ಬ್ರೂವರ್: ಕಳುಹಿಸಬೇಡಿ. ಹಳೆಯ ಮೊಟ್ಟೆ ಬರೀ ನೀರಿನಲ್ಲೂ ತೇಲುತ್ತದೆ.

ನೊರೆ: ನಮ್ಮ ಅಜ್ಜ ಹಾಗೆಯೇ ಮಾಡುತ್ತಿದ್ದರು.

ಹಳೆಯ ಪೀಪಾಯಿ: ಅಜ್ಜನ ಬಿಯರ್‌ನಲ್ಲಿ ಆಲ್ಕೋಹಾಲ್ ಎಷ್ಟು ಶೇಕಡಾ ಇತ್ತು? ಲೆಕ್ಕ ಕೊಡಿ.

ನೊರೆ: ನಿಮ್ಮ ಜ್ಞಾನ ನಿಮ್ಮ ಬಳಿಯೇ ಇರಲಿ.

ಅಳತೆಗಾರ: ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಉಪಕರಣ) ಮೊದಲು 12.5 ಬ್ರಿಕ್ಸ್ (ಸಕ್ಕರೆಯ ಶೇಕಡಾವಾರು), ಐದು ದಿನದಿಂದ 6.5. ಯೀಸ್ಟ್ ಸತ್ತಿದೆಯೇ?

ಬ್ರೂವರ್: ಇಲ್ಲ. ಆಲ್ಕೋಹಾಲ್ ಬೆಳಕನ್ನು ಹೆಚ್ಚು ಬಾಗಿಸುವುದರಿಂದ ಅಂಕಿ ಮೇಲೇರಿ ಕಾಣುತ್ತದೆ. ತಿದ್ದಿದರೆ ಗ್ರಾವಿಟಿ 1.012ರ ಆಸುಪಾಸು. ಹೈಡ್ರೋಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ, ಮೊದಲು ಮಾದರಿಯನ್ನು ಲೋಟದಿಂದ ಲೋಟಕ್ಕೆ ಸುರಿದು ಅನಿಲ ಕಳೆಯಿರಿ. ಗುಳ್ಳೆಗಳು ಕೊಳವೆಯನ್ನು ಎತ್ತಿಬಿಡುತ್ತವೆ.

ಹೊಸಬಳು: ಬಿಸಿ ವರ್ಟ್ ಅಳೆಯಬಹುದೇ, ಮೇಡಂ?

ಬ್ರೂವರ್: ಮೇಲೆ ಓದಿ.

ಮಾಲ್ಟ್ ಪ್ರೇಮಿ: ಪ್ಲೇಟೋ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಬ್ರೂವರ್: ಅದು ಪ್ರಶ್ನೆಯಾಗಿರಲಿಲ್ಲ. ಗಾಜಿನ ಬಾಟಲಿಯವರೇ, ಫ್ರಿಜ್‌ಗೆ ಇಟ್ಟಿರಾ?

ಗಾಜಿನ ಬಾಟಲಿ: ಅರ್ಧ ಮಾತ್ರ ಹಿಡಿಯಿತು. ಮಿಕ್ಕವು?

ಬ್ರೂವರ್: ಗಟ್ಟಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ. ಈಗಲೇ, ಇಲ್ಲಿ ಉತ್ತರ ಬರೆಯುವ ಮೊದಲು.