ವೈನಿಯ ಲಿವರ್‌ನಲ್ಲಿ ನೀರಿನ ಗುಳ್ಳೆ, ಮನೆಯಲ್ಲಿ ಎರಡು ನಾಯಿ: ಪಶುವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಕುರಿ ಸಾಕುವವರು, ಶಿರಹಟ್ಟಿ ತಾಲ್ಲೂಕು):
ನಮಸ್ಕಾರ ರೀ ಡಾಕ್ಟ್ರೇ. ನಮ್ಮ ವೈನಿಗೆ (ಅತ್ತಿಗೆಗೆ) ಎರಡು ವರ್ಷದಿಂದ ಬಲಗಡೆ ಪಕ್ಕೆಯ ಕೆಳಗೆ ಭಾರ, ಊಟ ಮಾಡಿದರೆ ಹೊಟ್ಟೆ ಉಬ್ಬರ. ಗ್ಯಾಸ್ ಅಂತ ಹೇಳಿ ಎಲ್ಲರೂ ಗುಳಿಗೆ ಕೊಟ್ಟು ಕಳಿಸಿದರು. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ 7 ಸೆಂಟಿಮೀಟರ್‌ನ ನೀರಿನ ಗುಳ್ಳೆ ಕಂಡಿತು. ಹೈಡಾಟಿಡ್ ಅಂದರು. ಡಾಕ್ಟರ್ ಕೇಳಿದ ಮೊದಲ ಮಾತೇ "ಮನೆಯಲ್ಲಿ ನಾಯಿ ಇದೆಯಾ, ಕುರಿ ಇದೆಯಾ?" ನಮ್ಮಲ್ಲಿ 120 ಕುರಿ, ಎರಡು ನಾಯಿ. ಈಗ ಮನೆಯಲ್ಲಿ ಒಬ್ಬರು ನಾಯಿ ಬಿಟ್ಟು ಬಾ ಅನ್ನುತ್ತಾರೆ, ಇನ್ನೊಬ್ಬರು ಮಟನ್ ತಿನ್ನುವುದೇ ಬೇಡ ಅನ್ನುತ್ತಾರೆ. ವೈನಿಯಿಂದ ಮಕ್ಕಳಿಗೆ ಅಂಟುತ್ತದಾ?

ಉತ್ತರ (ಪಶುವೈದ್ಯರು):
ನಮಸ್ಕಾರ. ಮಕ್ಕಳ ವಿಷಯ ಮೊದಲು: ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ವೈನಿಯವರ ತಾಟು, ಹಾಸಿಗೆ ಬೇರೆ ಮಾಡಬೇಡಿ. ಪಾಪ, ಅವರಿಗೆ ಈಗಾಗಲೇ ಸಾಕಷ್ಟು ಆಗಿದೆ.

ಮಟನ್‌ನಿಂದಲೂ ಬರುವುದಿಲ್ಲ. ಗುಳ್ಳೆ ಇದ್ದ ಲಿವರನ್ನೇ ಮನುಷ್ಯ ತಿಂದರೂ ಈ ರೋಗ ಬರುವುದಿಲ್ಲ. ಆದರೆ ಅದನ್ನೇ ನಾಯಿ ತಿಂದರೆ ಕಥೆ ಬೇರೆ. ಕುರಿ ಕೊಯ್ದಾಗ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ನೀವೇ ನೋಡಿರುತ್ತೀರಿ. "ಕೆಟ್ಟಿದೆ" ಅಂತ ಆ ತುಂಡು ಕೊಯ್ದು ನಾಯಿಗೆ ಒಗೆಯುತ್ತೇವೆ, ಅಲ್ವಾ? ಅಲ್ಲೇ ತಪ್ಪುವುದು. ಒಂದು ಗುಳ್ಳೆಯೊಳಗೆ ಹುಳದ ಸಾವಿರಾರು ಬೀಜ ಇರಬಹುದು. ನಾಯಿಯ ಕರುಳಿನಲ್ಲಿ ಒಂದೊಂದು ಬೀಜವೂ ಒಂದೊಂದು ಲಾಡಿಹುಳು ಆಗಬಹುದು. ಲಾಡಿಹುಳು ಅಂದರೆ ಉದ್ದ ಪಟ್ಟಿ ನೆನೆಯಬೇಡಿ. ಇದು 7 ಮಿಲಿಮೀಟರ್ ಮೀರುವುದು ಕಡಿಮೆ. ಹೊಟ್ಟೆ ತುಂಬ ಇದೇ ಹುಳು ಇದ್ದರೂ ನಾಯಿ ಆರಾಮಾಗಿ ಓಡಾಡಿಕೊಂಡಿರುತ್ತದೆ.

ಸುಮಾರು ಆರೇಳು ವಾರಕ್ಕೆ ನಾಯಿಯ ಮಲದಲ್ಲಿ ಹುಳದ ಮೊಟ್ಟೆ ಬೀಳಲು ಶುರು. ಕಣ್ಣಿಗೆ ಕಾಣುವುದಿಲ್ಲ. ಹಸಿ ಇರುವ ತಂಪು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಕುರಿ ಆ ಹುಲ್ಲು ಮೇಯುತ್ತದೆ. ನಾಯಿ ತನ್ನ ಹಿಂಭಾಗ ನೆಕ್ಕಿ ಅದೇ ನಾಲಿಗೆಯಿಂದ ಮೈ ನೆಕ್ಕುತ್ತದೆ, ನಾವು ಆ ಮೈ ಸವರಿ ಹಾಗೇ ರೊಟ್ಟಿ ಮುರಿಯುತ್ತೇವೆ. ಹೀಗೆ ಹೊಟ್ಟೆಗೆ ಹೋದ ಮೊಟ್ಟೆಯೇ ಒಳಗೆ ಗುಳ್ಳೆಯಾಗುವುದು.

ಗುಳ್ಳೆ ಬೆಳೆಯುವುದು ಬಹಳ ನಿಧಾನ. ಹಾಗಾಗಿ ವೈನಿಯವರಿಗೆ ಇದು ಈಗಿನ ನಾಯಿಗಳಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ. ಚಿಕ್ಕವರಿದ್ದಾಗ ತವರಿನಲ್ಲೇ ಬಂದಿರಬಹುದು. ನಾಯಿ ಬಿಟ್ಟು ಬರಬೇಡಿ. ತೋಳದ ಕಾಟಕ್ಕೆ ನೀವು ಮತ್ತೆ ನಾಯಿ ತರುತ್ತೀರಿ, ಅದಕ್ಕೂ ಅದೇ ಲಿವರ್ ಹಾಕುತ್ತೀರಿ. ನಿಲ್ಲಿಸಬೇಕಾದ್ದು ಆ ಒಗೆಯುವ ಕೈ. ಗುಳ್ಳೆ ಇದ್ದ ಭಾಗವನ್ನು ನಾಯಿ ಕೆದರಲು ಆಗದಷ್ಟು ಆಳಕ್ಕೆ ಹುಗಿಯಿರಿ, ಇಲ್ಲ ಸುಟ್ಟುಬಿಡಿ. ಉಳಿದದ್ದನ್ನು ನಾಯಿಗೆ ಹಾಕಲೇಬೇಕು ಅಂದರೆ ಅರ್ಧ ಗಂಟೆ ಚೆನ್ನಾಗಿ ಕುದಿಸಿ ಹಾಕಿ. ದ್ಯಾಮವ್ವನ ಜಾತ್ರೆ ದಿನ ಊರ ನಾಯಿಗಳಿಗೆಲ್ಲ ಹಬ್ಬ. ಅವತ್ತು ಒಂದು ಗುಂಡಿ ತೋಡಿಸಿದರೆ ವರ್ಷದ ಅರ್ಧ ಕೆಲಸ ಮುಗಿಯಿತು ಅಂತ ನಾನು ಪಂಚಾಯ್ತಿಯವರಿಗೆ ಹೇಳುತ್ತಲೇ ಇರುತ್ತೇನೆ.

ಅದೇ ಪ್ರಶ್ನೆ ಕೇಳಿದವರು:
ನಾಯಿಗೆ ಹುಳದ ಔಷಧಿ ಹಾಕೇ ಹಾಕುತ್ತೇವೆ ಸರ್. ಉಣ್ಣಿ ಆದಾಗ ಇಂಜೆಕ್ಷನ್ ಮಾಡಿಸುತ್ತೇವೆ, ಕುರಿಗೆ ಕುಡಿಸಿದ್ದು ಉಳಿದರೆ ಅದನ್ನೂ ಕುಡಿಸುತ್ತೇವೆ. ಇನ್ನೊಂದು, ಇಲ್ಲಿ ಒಬ್ಬರು ಸೂಜಿ ಚುಚ್ಚಿ ಗುಳ್ಳೆಯ ನೀರು ತೆಗೆದುಬಿಡೋಣ ಅಂದಿದ್ದಾರೆ.

ಉತ್ತರ:
ಸೂಜಿಯ ಮಾತು ಮೊದಲು. ಬೇಡವೇ ಬೇಡ! ಆ ನೀರು ಹೊಟ್ಟೆಯೊಳಗೆ ಸೋರಿದರೆ ಮೈಯೆಲ್ಲ ದದ್ದು, ಉಸಿರು ಕಟ್ಟಿ ಜೀವಕ್ಕೇ ಅಪಾಯ ಆಗಬಹುದು. ಬೀಜ ಚೆಲ್ಲಿ ಬೇರೆ ಕಡೆ ಹೊಸ ಗುಳ್ಳೆಗಳೂ ಏಳಬಹುದು. ಸೂಜಿಯಿಂದ ಮಾಡುವ ಚಿಕಿತ್ಸೆ ಇದೆ, ಆದರೆ ಅದನ್ನು ಅಲ್ಬೆಂಡಜೋಲ್ ಅನ್ನುವ ಹುಳದ ಗುಳಿಗೆ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತಾ, ಎಲ್ಲ ಸಿದ್ಧತೆ ಇರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಬೇಕು. ಕೆಲವರಿಗೆ ಆಪರೇಷನ್, ಕೆಲವರಿಗೆ ಗುಳಿಗೆ ಸಾಕು. ಗುಳ್ಳೆ ತಾನೇ ಸತ್ತಿದ್ದರೆ ಸುಮ್ನೆ ನೋಡುತ್ತಾ ಇರುತ್ತಾರೆ. ಯಾವುದು ಅಂತ ಸರ್ಜನ್ ಹೇಳಬೇಕು, ನಾನು ದನದ ಡಾಕ್ಟ್ರು.

ನಾಯಿಯ ವಿಷಯಕ್ಕೆ ಬಂದರೆ, ಉಣ್ಣಿಗೆ ಕೊಡುವ ಐವರ್ಮೆಕ್ಟಿನ್‌ನಿಂದ ಲಾಡಿಹುಳು ಸಾಯುವುದಿಲ್ಲ. ಕುರಿಯದ್ದು ಉಳಿದದ್ದನ್ನು ಕುಡಿಸಿದರೂ ಈ ಹುಳು ಹೋಗುವುದಿಲ್ಲ. ಇದಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಕೆಜಿ ತೂಕಕ್ಕೆ 5 ಮಿಲಿಗ್ರಾಂ. ಕುರಿ ನಾಯಿಗಳಿಗೆ ಆರು ವಾರಕ್ಕೊಮ್ಮೆ ಕೊಟ್ಟರೆ ಒಳ್ಳೆಯದು, ವರ್ಷಕ್ಕೆ ನಾಲ್ಕು ಸಲವಾದರೂ ಬೇಕು. ಈ ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಅದಕ್ಕೇ ಗುಳಿಗೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿ ಕಟ್ಟಿಹಾಕಿ, ಅದರ ಮಲ ಹುಗಿಯಿರಿ ಇಲ್ಲ ಸುಡಿ.

ಪ್ರಶ್ನೆ (ಗೃಹಿಣಿ, ಧಾರವಾಡ):
ನಾವು ಸಸ್ಯಾಹಾರಿಗಳು, ಮನೆಯಲ್ಲಿ ನಾಯಿಯೂ ಇಲ್ಲ. ನಮಗೆ ಚಿಂತೆ ಇಲ್ಲ ತಾನೇ?

ಉತ್ತರ:
ಅಕ್ಕಾರೆ, ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು ಇಲ್ಲದೆ ನಿಮ್ಮ ಊಟ ಆಗುತ್ತದಾ? ನನಗಂತೂ ಆಗುವುದಿಲ್ಲ. ಆ ಸೊಪ್ಪು ಬೆಳೆದ ಮಡಿಯಲ್ಲಿ ರಾತ್ರಿ ಯಾವ ನಾಯಿ ಅಡ್ಡಾಡಿತ್ತೋ ಯಾರಿಗೆ ಗೊತ್ತು. ಉಪ್ಪುನೀರಲ್ಲಿ ಅದ್ದಿ ತೆಗೆದರೆ ಮೊಟ್ಟೆ ಸಾಯುವುದಿಲ್ಲ. ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಬೇಯಿಸಿದ ಪಲ್ಯಕ್ಕೆ ಹೆದರಿಕೆ ಇಲ್ಲ.

ಪ್ರಶ್ನೆ (ಕಾಲೇಜು ಹುಡುಗ, ಹಾವೇರಿ):
ನಮ್ಮ ನಾಯಿಮರಿಯ ಮಲದಲ್ಲಿ ಅಕ್ಕಿಕಾಳಿನಂಥವು ಹರಿದಾಡುತ್ತಿವೆ. ಇದೇನಾ ಸರ್?

ಉತ್ತರ:
ಅಲ್ಲಪ್ಪ. ಹೈಡಾಟಿಡ್ ಹುಳು ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅದು ಹೆಚ್ಚಾಗಿ ಚಿಗಟದಿಂದ ಬರುವ ಬೇರೆ ಲಾಡಿಹುಳು. ಅದಕ್ಕೂ ಪ್ರಾಜಿಕ್ವಾಂಟೆಲ್ ಸಾಕು, ಆದರೆ ಚಿಗಟ ಹೋಗದಿದ್ದರೆ ಮತ್ತೆ ಬರುತ್ತದೆ.

ಪ್ರಶ್ನೆ (ಕುರಿಗಾರರು, ರಾಣೆಬೆನ್ನೂರು ಕಡೆ):
ನಮ್ಮ ಎರಡು ಕುರಿಮರಿ ತಲೆ ಒಂದೇ ಕಡೆ ವಾಲಿಸಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು. ಒಂದು ಸತ್ತಿತು. ಇದಕ್ಕೂ ನಾಯಿಗೂ ಏನಾದರೂ ಸಂಬಂಧ?

ಉತ್ತರ:
ಸುತ್ತುವುದಕ್ಕೆ ಬೇರೆ ಕಾರಣಗಳೂ ಇವೆ, ಉಳಿದ ಮರಿಯನ್ನು ಪಶು ಆಸ್ಪತ್ರೆಗೆ ತೋರಿಸಿ. ಆದರೆ ಮಿದುಳಿನಲ್ಲಿ ನೀರಿನ ಗುಳ್ಳೆ ಆದರೂ ಹೀಗೇ ಸುತ್ತುತ್ತವೆ. ಅದು ನಾಯಿಯ ಇನ್ನೊಂದು ಲಾಡಿಹುಳದ ಮರಿ. ಸತ್ತ ಕುರಿಯ ತಲೆ ನಾಯಿಗೆ ಹಾಕಿದರೆ ಆ ಹುಳು ಮತ್ತೆ ನಿಮ್ಮ ಹಿಂಡಿಗೇ ವಾಪಸ್. ಸತ್ತ ಮರಿಯ ತಲೆ ಏನು ಮಾಡಿದಿರಿ?

ರಾಣೆಬೆನ್ನೂರಿನವರು:
...ನಾಯಿಗೇ ಹಾಕಿದೆವು ಸರ್.

ಉತ್ತರ:
ಹಾಗಾದರೆ ನೀವೂ ನಾಯಿಗೆ ಅದೇ ಪ್ರಾಜಿಕ್ವಾಂಟೆಲ್ ಗುಳಿಗೆ ತನ್ನಿ.

ಮೊದಲು ಕೇಳಿದವರು:
ಉಣ್ಣೆ ತೂಗುವ ತಕ್ಕಡಿಯಲ್ಲಿ ನಾಯಿ ತೂಗಿದೆವು ಸರ್. ಒಂದು 22 ಕೆಜಿ, ಇನ್ನೊಂದು 16. 10 ಕೆಜಿಗೆ ಒಂದು ಅನ್ನುವ ಗುಳಿಗೆ ಸಿಕ್ಕಿದೆ, ಒಂದರಲ್ಲಿ ಪ್ರಾಜಿಕ್ವಾಂಟೆಲ್ 50 ಮಿಲಿಗ್ರಾಂ. ಆದರೆ ದೊಡ್ಡದು ಗುಳಿಗೆ ಉಗುಳುತ್ತದೆ.

ಉತ್ತರ:
ದೊಡ್ಡದಕ್ಕೆ ಎರಡೂವರೆ, ಸಣ್ಣದಕ್ಕೆ ಎರಡು. ಬೆಲ್ಲ ಹಚ್ಚಿದ ರೊಟ್ಟಿ ತುಂಡಿನಲ್ಲಿ ಮುಚ್ಚಿ ಕೊಡಿ. ತಿನ್ನಲಿ ಅಂತ ಹಸಿ ಲಿವರ್‌ನಲ್ಲಿ ಇಟ್ಟು ಕೊಟ್ಟೀರಿ ಮತ್ತೆ!