ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರ ಹೊಟ್ಟೆಯಲ್ಲಿ ಸೂಜಿ ಕ್ಯಾಪ್ಸೂಲ್ ಬೇಗ ಬಿಚ್ಚಿಕೊಂಡರೆ?

ಔಷಧಶಾಲೆ:
ನುಂಗಿದ ಮೇಲೆ ಒಳಗಿನಿಂದಲೇ ಕರುಳಿನ ಗೋಡೆಗೆ ಸೂಜಿಯಲ್ಲಿ ಔಷಧ ಚುಚ್ಚುವ ರಾಣಿಪಿಲ್ ತರಹದ ಕ್ಯಾಪ್ಸೂಲಿನ ಎಂಟೆರಿಕ್ (ಆಮ್ಲಕ್ಕೆ ಕರಗದ) ಲೇಪ ಜಠರ ದಾಟಿ ಸಣ್ಣ ಕರುಳಲ್ಲಿ ಕರಗಬೇಕು. ಆದರೆ ನಮ್ಮಲ್ಲಿ ಎಷ್ಟೋ ಜನ ದಿನಾ ಬೆಳಿಗ್ಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುತ್ತಾರೆ. ಆಮ್ಲ ತಗ್ಗಿದ ಜಠರದಲ್ಲೇ ಲೇಪ ಕರಗಿದರೆ ತೂತು ಬೀಳುವ ಭಯ ಇದೆಯೇ?

ಲೇಪದವರು:
ಅನುಮಾನ ಸರಿಯಾಗಿಯೇ ಇದೆ. ಲೇಪ ಯಾವ ಪಿಎಚ್‌ನಲ್ಲಿ (ಆಮ್ಲದ ಅಳತೆ, ಅಂಕಿ ಏರಿದಷ್ಟೂ ಆಮ್ಲ ಕಡಿಮೆ) ಕರಗಬೇಕೋ ಅದಕ್ಕೆ ತಕ್ಕ ಪಾಲಿಮರ್ ಆರಿಸುತ್ತಾರೆ: ಯುಡ್ರಾಜಿಟ್ ಎಂಬ ಲೇಪದ ಪಾಲಿಮರಿನಲ್ಲಿ ಎಲ್ 100-55 ಆದರೆ 5.5, ಎಲ್ 100 ಆದರೆ 6, ಎಸ್ 100 ಆದರೆ 7. ಖಾಲಿ ಜಠರ ಸಾಮಾನ್ಯವಾಗಿ 1ರಿಂದ 3ರೊಳಗೆ. ಗ್ಯಾಸ್ಟ್ರಿಕ್ ಮಾತ್ರೆಯ ಮೇಲೆ 4 ದಾಟುತ್ತದೆ, ಕೆಲವರಲ್ಲಿ ಇನ್ನೂ ಮೇಲೆ. ಅಂಥವರಿಗೆ 5.5ರ ಲೇಪವನ್ನು ನಾನಂತೂ ನಂಬುವುದಿಲ್ಲ.

ಊಟದ ವಿಷಯ ಇದಕ್ಕಿಂತ ಮುಖ್ಯ. 000 ಸೈಜಿನ ಕ್ಯಾಪ್ಸೂಲ್ ಸುಮಾರು 26 ಮಿ.ಮೀ. ಉದ್ದ, ಅರೆದ ಅನ್ನದ ಜೊತೆ ಜಾರಿಹೋಗುವುದಿಲ್ಲ. ಹೊಟ್ಟೆ ಖಾಲಿಯಾದ ಮೇಲೆ 90–120 ನಿಮಿಷಕ್ಕೊಮ್ಮೆ ಏಳುವ, ಜಠರವನ್ನು ಗುಡಿಸುವ ಅಲೆಯೇ ಅದನ್ನು ಮುಂದೆ ತಳ್ಳಬೇಕು. ತಿಂಡಿ ತಿಂದು ನುಂಗಿದರೆ ಗಂಟೆಗಟ್ಟಲೆ ಅಲ್ಲೇ ನೆನೆಯುತ್ತದೆ.

ಕರುಳು_ನೋಟ:
ತೂತಿಗಿಂತ ಡೋಸ್ ಹಾಳಾಗುವುದೇ ದೊಡ್ಡ ಚಿಂತೆ. ಲೇಪ ಹೋದ ಮೇಲೆ ಒಳಗೆ ಸಿಟ್ರಿಕ್ ಆಮ್ಲ, ಬೈಕಾರ್ಬನೇಟ್ ಬೆರೆತು, ಸೋಡಾಪುಡಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಗ್ಯಾಸ್ ಎದ್ದು ಪುಟ್ಟ ಬಲೂನು ಉಬ್ಬುತ್ತದೆ. ಅದೇ ಸೂಜಿಯನ್ನು ಗೋಡೆಗೆ ಒತ್ತುವುದು. ಬಲೂನಿನ ಅಳತೆ ಕಿರಿದಾದ ಕರುಳಿಗೆ ತಕ್ಕದ್ದು. ವಿಶಾಲ ಜಠರದಲ್ಲಿ ಅದಕ್ಕೆ ಆನಿಕೆಯೇ ಸಿಗದೆ, ಔಷಧ ಜಠರರಸಕ್ಕೆ ಬಿದ್ದು ಜೀರ್ಣವಾಗಿಬಿಡುವ ಸಂಭವವೇ ಹೆಚ್ಚು.

ನೋವಿನ ಬಗ್ಗೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ: ಕರುಳಿನ ಒಳಪದರಕ್ಕೆ ಚುಚ್ಚಿದ್ದು ತಿಳಿಯುವುದಿಲ್ಲ, ಹಿಗ್ಗಿಸಿದರೆ ನೋಯುತ್ತದೆ. ಎಂಡೋಸ್ಕೋಪಿಯಲ್ಲಿ ಚೂರು ಕಿತ್ತು ಬಯಾಪ್ಸಿ ತೆಗೆದರೂ ಗೊತ್ತಾಗದಿರುವುದು ಇದಕ್ಕೇ.

ಔಷಧಶಾಲೆ:
ಹಾಗಾದರೆ ಜಠರದಲ್ಲೇ ಚುಚ್ಚುವ ಸೋಮಾ ಎಂಬ ಇನ್ನೊಂದು ಸೂಜಿ ಕ್ಯಾಪ್ಸೂಲ್ ಗ್ಯಾಸ್ಟ್ರಿಕ್ ಮಾತ್ರೆಯವರಿಗೆ ವಾಸಿಯೇ?

ಲೇಪದವರು:
ಪಿಎಚ್ ಮಟ್ಟಿಗೆ ಹೌದು. 2019ರಲ್ಲಿ ಎಂಐಟಿ ತಂಡ ತೋರಿಸಿದ ಅದರಲ್ಲಿ ಸ್ಪ್ರಿಂಗನ್ನು ಹಿಡಿದಿರುವುದು ಸಕ್ಕರೆ ಬಿಲ್ಲೆ. ತೇವಕ್ಕೆ ಅದು ಕರಗಿದರೆ ಸ್ಪ್ರಿಂಗ್ ಚಿಮ್ಮುತ್ತದೆ. ಲೆಪರ್ಡ್ ಆಮೆಯ ಚಿಪ್ಪಿನ ಆಕಾರ, ತಳ ಭಾರ. ಹೇಗೆ ಬಿದ್ದರೂ ತಿರುಗಿ ಕೂರುತ್ತದೆ. ಆದರೆ ಕೆಳಗೆ ಅನ್ನ ಇದ್ದರೆ ಸೂಜಿ ಅನ್ನಕ್ಕೇ ಚುಚ್ಚುತ್ತದೆ, ಹಾಗಾಗಿ ಇದಕ್ಕೂ ಖಾಲಿ ಹೊಟ್ಟೆಯೇ ಬೇಕು.

ಕರುಳು_ನೋಟ:
ಒಂದು ಸೇರಿಸುತ್ತೇನೆ. ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಇರುವವರಲ್ಲಿ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಕರುಳು ಎಲ್ಲಾದರೂ ಕಿರಿದಾಗಿರಬಹುದು. ಕರಗದ ಯಾವ ಕ್ಯಾಪ್ಸೂಲೂ ಅಲ್ಲಿ ಸಿಕ್ಕಿಕೊಳ್ಳಬಹುದು. ಕ್ಯಾಮೆರಾ ಕ್ಯಾಪ್ಸೂಲಿಗೆ ಮಾಡುವಂತೆ, ಲ್ಯಾಕ್ಟೋಸ್ ಮತ್ತು ಬೇರಿಯಂನ ಪೇಟೆನ್ಸಿ ಕ್ಯಾಪ್ಸೂಲನ್ನು ಮೊದಲು ನುಂಗಿಸಿ ದಾರಿ ನೋಡಬೇಕು. ಸಿಕ್ಕಿದರೂ ಸುಮಾರು 30 ಗಂಟೆಯ ನಂತರ ಅದು ತಾನೇ ಕರಗತೊಡಗುತ್ತದೆ. ಸೋಮಾದಲ್ಲಿ ಉಕ್ಕಿನ ಭಾಗ ಇರುವುದರಿಂದ, ಅದು ಮಲದಲ್ಲಿ ಹೊರಬಿದ್ದದ್ದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಬಾರದು.